ಮಿಂಡನ್‌ನ ಪಯೋನಿಯರ್ ವಿಲೇಜ್: ಒಬ್ಬ ಮನುಷ್ಯ, ಐವತ್ತು ಸಾವಿರ ಹಳೇ ಸಾಮಾನು

ಓಮಾಹಾ ಒಗ್ಗರಣೆ

ಅಮೆರಿಕದ ನೆಬ್ರಾಸ್ಕ ರಾಜ್ಯದ ಓಮಾಹಾದಿಂದ ಡೆನ್ವರ್‌ಗೆ ಕಾರಿನಲ್ಲಿ ಹೋದವರಿಗೆ ಐ-80 ಹೆದ್ದಾರಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ನೆಟ್ಟಗಿನ ರಸ್ತೆ. ಎರಡೂ ಕಡೆ ಮೆಕ್ಕೆಜೋಳ. ಅದು ಮುಗಿಯಿತು ಅಂದರೆ ಮತ್ತೆ ಮೆಕ್ಕೆಜೋಳ. ಕೆಲವು ವರ್ಷದ ಹಿಂದೆ ಹೀಗೇ ಹೋಗುವಾಗ ಹಿಂದಿನ ಸೀಟಿನಲ್ಲಿ ಮಕ್ಕಳ ಜಗಳ ಶುರುವಾಯಿತು. ಕರ್ನಿ ಊರು ಬರುವ ಸ್ವಲ್ಪ ಮುಂಚೆ ಎಡಕ್ಕೆ ಇಳಿದು, ಹತ್ತು ಹನ್ನೆರಡು ಮೈಲಿ ದಕ್ಷಿಣಕ್ಕೆ ಮಿಂಡನ್ ಅನ್ನುವ ಊರಿಗೆ ಹೋದೆವು. ನೆಬ್ರಾಸ್ಕದಲ್ಲೇ ಇರುವ, ಮೂರು ಸಾವಿರ ಜನರ ಚಿಕ್ಕ ಊರು. ಊಟ ಮಾಡಿಕೊಂಡು ಹೊರಡೋಣ ಅಂತ ಇಳಿದವರು ಬಾಗಿಲು ಹಾಕುವ ಹೊತ್ತಿನವರೆಗೂ ಅಲ್ಲೇ ಇದ್ದೆವು.

ಅಲ್ಲಿರುವುದು ಹೆರಾಲ್ಡ್ ವಾರ್ಪ್ ಪಯೋನಿಯರ್ ವಿಲೇಜ್ ಅನ್ನುವ ಮ್ಯೂಸಿಯಂ. 20 ಎಕರೆ, 28 ಕಟ್ಟಡ, 50,000ಕ್ಕೂ ಜಾಸ್ತಿ ವಸ್ತು. ಸರ್ಕಾರದ್ದಲ್ಲ, ವಿಶ್ವವಿದ್ಯಾಲಯದ್ದೂ ಅಲ್ಲ. ಒಬ್ಬ ವ್ಯಾಪಾರಿ ತನ್ನ ದುಡ್ಡಿನಲ್ಲಿ, ತನ್ನ ಹಟದಲ್ಲಿ ಕಟ್ಟಿದ್ದು.

ವಾರ್ಪ್ ಹುಟ್ಟಿದ್ದು 1903ರಲ್ಲಿ, ಮಿಂಡನ್ ಹತ್ತಿರದ ಒಂದು ಹುಲ್ಲುಹೆಂಟೆ ಮನೆಯಲ್ಲಿ. ಅಪ್ಪ ಅಮ್ಮ ನಾರ್ವೆಯಿಂದ ಬಂದವರು. ಹನ್ನೆರಡು ಮಕ್ಕಳಲ್ಲಿ ಇವನೇ ಕೊನೆಯವನು. ಚಿಕ್ಕವನಿದ್ದಾಗಲೇ ಇಬ್ಬರೂ ತೀರಿಹೋದರು. ಆಮೇಲೆ ಈ ಹುಡುಗ ಕೋಳಿಗೂಡಿನ ಕಿಟಕಿಗೆ ಗಾಜಿನ ಬದಲು ಹಾಕುವ ಒಂದು ಹಾಳೆ ತಯಾರಿಸಿ, ಅದಕ್ಕೆ ಫ್ಲೆಕ್ಸ್-ಒ-ಗ್ಲಾಸ್ ಅಂತ ಹೆಸರಿಟ್ಟ. 1924ರಲ್ಲಿ ಕೈಯಲ್ಲಿದ್ದ ಅಷ್ಟಿಷ್ಟು ದುಡ್ಡು ಹಿಡಿದು ಷಿಕಾಗೋಗೆ ಹೋದ. ಅಣ್ಣಂದಿರ ಜೊತೆ ಕಟ್ಟಿದ ಕಂಪನಿ ಬೆಳೆಯಿತು. ಮುಂದೆ ಪ್ಲಾಸ್ಟಿಕ್ ಹಾಳೆಗಳ ವ್ಯಾಪಾರದಲ್ಲಿ ಚೆನ್ನಾಗಿ ಸಂಪಾದಿಸಿದ.

1948ರಲ್ಲಿ ತಾನು ಓದಿದ ಹಳ್ಳಿ ಶಾಲೆಯನ್ನು ಮಾರುತ್ತಿದ್ದಾರೆ ಅಂತ ಸುದ್ದಿ ಬಂತು. ಒಂದೇ ಕೋಣೆಯ ಶಾಲೆ. ಅದನ್ನು ಕೊಂಡುಕೊಂಡ. ಕೊಂಡ ಮೇಲೆ ಕೈ ನಿಲ್ಲಲಿಲ್ಲ ಅನ್ನಿ. ಚರ್ಚು, ರೈಲ್ವೆ ಡಿಪೋ, ಜಮೀನು ನೋಂದಾಯಿಸುವ ಲ್ಯಾಂಡ್ ಆಫೀಸು, ದಿನಸಿ ಅಂಗಡಿ, ಕುದುರೆ ಲಾಯ, ಒಂದೊಂದೇ ಬಂದು ಸೇರಿದವು. 1953ರಲ್ಲಿ ಜನರಿಗೆ ಬಾಗಿಲು ತೆರೆಯಿತು. 1994ರಲ್ಲಿ ತೀರಿಕೊಳ್ಳುವವರೆಗೂ ಆತನಿಗೆ ಇದರದ್ದೇ ಧ್ಯಾನ.

ಇಲ್ಲಿ ಯಾರಾದರೂ ಹೋಗಿದ್ದೀರಾ? ನಿಮಗೆ ಏನನ್ನಿಸಿತು?

ಹುಬ್ಬಳ್ಳಿ ಹೈದ

ಅಣ್ಣಾ, ಸುಮ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಅಜ್ಜಿಯ ಅಟ್ಟದ ಮೇಲೆಯೂ ಹಳೇ ಸಾಮಾನು ಬೇಕಾದಷ್ಟಿದೆ. ಟಿಕೆಟ್ ಇಡಬಹುದಾ? ದುಡ್ಡಿರುವವನು ಕೈಗೆ ಸಿಕ್ಕಿದ್ದನ್ನೆಲ್ಲ ಕೊಂಡು ಶೆಡ್ಡಿಗೆ ತುಂಬಿದರೆ ಅದು ಮ್ಯೂಸಿಯಂ ಆಗುತ್ತದಾ, ಗುಜರಿ ಆಗುತ್ತದಾ?

ಓಮಾಹಾ ಒಗ್ಗರಣೆ

ಒಳಗೆ ಹೋಗಿ ಹತ್ತು ನಿಮಿಷ ನನಗೂ ಹಾಗೇ ಅನ್ನಿಸಿತ್ತು. ಕಾರುಗಳೇ ಸುಮಾರು 350 ಇವೆ. ಒಂದಕ್ಕೊಂದು ಒತ್ತಿಕೊಂಡು, ನಮ್ಮ ಮದುವೆ ಛತ್ರದ ಪಾರ್ಕಿಂಗ್ ಥರ. ಟ್ರ್ಯಾಕ್ಟರ್ ಸಾಲೇ ಬೇರೆ.

ಆದರೆ ಅಜ್ಜಿಯ ಅಟ್ಟಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಇಲ್ಲಿ ಎಲ್ಲವನ್ನೂ ಬಂದ ಕಾಲದ ಪ್ರಕಾರ ಸಾಲಾಗಿ ಇಟ್ಟಿದ್ದಾರೆ. ಬಟ್ಟೆ ಒಗೆಯುವ ಯಂತ್ರಗಳ ಹತ್ತಿರ ನಿಂತರೆ ಮೊದಲು ಬರೀ ಉಜ್ಜುವ ಹಲಗೆ. ಆಮೇಲೆ ಕೈಯಿಂದ ತಿರುಗಿಸುವ ಮರದ ತೊಟ್ಟಿ. ಆಮೇಲೆ ಪೆಟ್ರೋಲ್ ಎಂಜಿನ್ ಕಟ್ಟಿದ್ದು. ಆಮೇಲೆ ಕರೆಂಟಿನದ್ದು. ಯಾರೂ ವಿವರಿಸಬೇಕಾಗಿಲ್ಲ. ಯಾವ ಹಂತದಲ್ಲಿ ಹೆಂಗಸಿನ ರಟ್ಟೆಗೆ ಎಷ್ಟು ಬಿಡುವು ಸಿಕ್ಕಿತು ಅಂತ ಕಣ್ಣಿಗೇ ಕಾಣುತ್ತದೆ.

ನನಗೆ ತುಂಬ ಹಿಡಿಸಿದ್ದು ಅಡುಗೆಮನೆಗಳು. 1830ರಿಂದ ಶುರುಮಾಡಿ ಒಂದೊಂದು ತಲೆಮಾರಿಗೆ ಒಂದರಂತೆ, 1980ರವರೆಗೆ. ಮೊದಲನೆಯದರಲ್ಲಿ ಬೆಂಕಿಗೂಡು, ಅದರ ಮೇಲೆ ತೂಗುಹಾಕಿದ ಕಬ್ಬಿಣದ ಪಾತ್ರೆ. ಮುಂದೆ ಹೋದ ಹಾಗೆ ಒಲೆ ನೆಲಬಿಟ್ಟು ಮೇಲೇರುತ್ತದೆ, ನೀರು ಒಳಗೆ ಬರುತ್ತದೆ, ಐಸ್ ಪೆಟ್ಟಿಗೆ ಹೋಗಿ ಫ್ರಿಜ್ ಬರುತ್ತದೆ. ನನ್ನ ಹೆಂಡತಿ ಎರಡನೇ ಅಡುಗೆಮನೆ ಎದುರು ನಿಂತು, "ನಮ್ಮಮ್ಮ ಮದುವೆಯಾಗಿ ಬಂದಾಗ ಅವರ ಅತ್ತೆ ಮನೆಯಲ್ಲಿ ಇಷ್ಟೂ ಇರಲಿಲ್ಲ" ಅಂದಳು. ಅಂದರೆ ಇವರ ಲೆಕ್ಕದ ಸಾಲಿನಲ್ಲಿ ನಮ್ಮ ಅತ್ತೆ ಹತ್ತೊಂಬತ್ತನೇ ಶತಮಾನದಲ್ಲಿ ಅಡುಗೆ ಮಾಡಿ ಮೈಕ್ರೋವೇವ್ ಕಾಲಕ್ಕೆ ಬಂದಿಳಿದರು.

ಕೋಳಿ ಫಾರಂ ಕಮಲಕ್ಕ

ಎಲ್ಲರೂ ಕಾರು, ಒಲೆ ಅಂತ ಹೊರಟಿದ್ದೀರಿ. ನನಗೆ ಆ ಕೋಳಿಗೂಡಿನ ಕಿಟಕಿ ಮುಖ್ಯ! ಮೂವತ್ತು ವರ್ಷ ಕೋಳಿ ಸಾಕಿದವಳು ನಾನು.

ಗಾಜಿನಲ್ಲಿ ಬೆಳಕು ಬರುತ್ತದೆ. ಆದರೆ ಬಿಸಿಲಿನಲ್ಲಿರುವ ಅತಿನೇರಳೆ ಕಿರಣದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಭಾಗವನ್ನು ಮಾಮೂಲಿ ಗಾಜು ತಡೆದುಬಿಡುತ್ತದೆ. ವಿಟಮಿನ್ ಡಿ ಇಲ್ಲದಿದ್ದರೆ ಮರಿ ತಿಂದ ಸುಣ್ಣದಂಶ ಮೂಳೆಗೆ ಹತ್ತುವುದಿಲ್ಲ. ಕಾಲು ಸೊಟ್ಟಗಾಗಿ ಕುಂಟುತ್ತವೆ, ಕೊಕ್ಕು ರಬ್ಬರ್ ಥರ ಬಾಗುತ್ತದೆ. ಮೊಟ್ಟೆ ಇಡುವ ಕೋಳಿಯಾದರೆ ಸಿಪ್ಪೆ ತೆಳ್ಳಗಾಗಿ ಹಿಡಿದರೆ ಒಡೆಯುತ್ತದೆ. ನಮ್ಮಲ್ಲಿ ವರ್ಷಪೂರ್ತಿ ಬಿಸಿಲು, ಜಾಲರಿ ಗೂಡು, ಹಾಗಾಗಿ ಹಳೆಯ ಕಾಲದಲ್ಲಿ ಇದರ ಚಿಂತೆ ಇರಲಿಲ್ಲ. ನೆಬ್ರಾಸ್ಕದಲ್ಲಿ ಹಿಮ ಬಿದ್ದು ತಿಂಗಳುಗಟ್ಟಲೆ ಮರಿಗಳನ್ನು ಒಳಗೇ ಇಟ್ಟುಕೊಂಡರೆ ಏನು ಗತಿ?

ವಿಟಮಿನ್ ಡಿ ವಿಷಯ ವಿಜ್ಞಾನಿಗಳಿಗೇ ಸರಿಯಾಗಿ ತಿಳಿದದ್ದು 1920ರ ದಶಕದಲ್ಲಿ. ಅದೇ ಹೊತ್ತಿಗೆ ಈ ಇಪ್ಪತ್ತು ವರ್ಷದ ಹುಡುಗ ಆ ಕಿರಣವನ್ನು ಒಳಗೆ ಬಿಡುವ, ಬಾಗುವ, ಒಡೆಯದ, ಗಾಜಿಗಿಂತ ಅಗ್ಗದ ಹಾಳೆಯನ್ನು ರೈತರಿಗೆ ಮಾರಲು ಹೊರಟ. ಈಗ ಮೇವಿನಲ್ಲೇ ವಿಟಮಿನ್ ಬೆರೆಸಿ ಕೊಡುತ್ತೇವೆ, ಕಿಟಕಿಯ ಹಂಗಿಲ್ಲ. ಆದರೆ ಆಗ ಅದು ಸಣ್ಣ ಮಾತಲ್ಲ. ಹಳೇ ಸಾಮಾನು ಕೊಂಡ ದುಡ್ಡೆಲ್ಲ ಮೊದಲು ಕೋಳಿಮರಿಯ ಕಾಲಿನಿಂದ ಬಂದದ್ದು ಅನ್ನುವುದು ನೆನಪಿರಲಿ.

ಹುಬ್ಬಳ್ಳಿ ಹೈದ

ಕಮಲಕ್ಕ, ನಿಮ್ಮ ಒಂದು ಪೋಸ್ಟಿಗೇ ಟಿಕೆಟ್ ದುಡ್ಡು ವಸೂಲಾಯಿತು. ಗುಜರಿ ಅಂದ ಮಾತು ವಾಪಸ್. ಈ ಹುಲ್ಲುಹೆಂಟೆ ಮನೆ ಅಂದರೆ ಏನು? ಗುಡಿಸಲಾ?

ನಿವೃತ್ತ ಮೇಷ್ಟ್ರು

ಗುಡಿಸಲಲ್ಲಪ್ಪ. ಅಲ್ಲಿ ಗುಡಿಸಲು ಹಾಕೋಣ ಅಂದರೂ ಮರ ಬೇಕಲ್ಲ. ನೆಬ್ರಾಸ್ಕದ ಬಯಲಿನಲ್ಲಿ ಹೊಳೆದಂಡೆ ಬಿಟ್ಟರೆ ಮರವೇ ಇರಲಿಲ್ಲ. ಇದ್ದದ್ದು ಹುಲ್ಲು ಮಾತ್ರ. ಅದರ ಬೇರು ಎಷ್ಟು ಹೆಣೆದುಕೊಂಡಿರುತ್ತದೆಂದರೆ ನೇಗಿಲು ಹೂಡಿದರೆ ಮಣ್ಣು ಪುಡಿಯಾಗುವುದಿಲ್ಲ, ಚಾಪೆಯ ಹಾಗೆ ಉದ್ದಕ್ಕೆ ಎದ್ದುಬರುತ್ತದೆ. ಅದಕ್ಕೇ ಬೇರೆ ನೇಗಿಲಿತ್ತು. ಸುಮಾರು ಒಂದಡಿ ಅಗಲ, ನಾಲ್ಕು ಅಂಗುಲ ದಪ್ಪದ ಪಟ್ಟಿ ಎಬ್ಬಿಸಿ, ಗುದ್ದಲಿಯಲ್ಲಿ ತುಂಡು ಮಾಡಿ, ಹುಲ್ಲಿನ ಕಡೆ ಕೆಳಗೆ ಬರುವಂತೆ ಇಟ್ಟಿಗೆಯ ಹಾಗೆ ಪೇರಿಸುತ್ತಿದ್ದರು. ಒಂದು ಸಣ್ಣ ಮನೆಗೆ ಅರ್ಧ ಎಕರೆಯಿಂದ ಒಂದು ಎಕರೆ ನೆಲದ ಹೆಂಟೆ ಬೇಕಾಗುತ್ತಿತ್ತು. ಗೋಡೆ ಎರಡು ಮೂರು ಅಡಿ ದಪ್ಪ. ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಅಲ್ಲಿನವರು ತಮಾಷೆಗೆ ಇದನ್ನು 'ನೆಬ್ರಾಸ್ಕದ ಅಮೃತಶಿಲೆ' ಅನ್ನುತ್ತಿದ್ದರು.

ಮಳೆ ಬಂದರೆ ಮಾತ್ರ ತಮಾಷೆ ಮುಗಿಯಿತು. ಹೊರಗೆ ಒಂದು ದಿನ ಸುರಿದರೆ ಒಳಗೆ ಮೂರು ದಿನ ತೊಟ್ಟಿಕ್ಕುತ್ತಿತ್ತು. ಮಾಡಿನಿಂದ ಮಣ್ಣು, ಹುಳ, ಒಮ್ಮೊಮ್ಮೆ ಹಾವು ಬೀಳುತ್ತವೆ ಅಂತ ಒಳಗಡೆ ಬಟ್ಟೆ ಕಟ್ಟುತ್ತಿದ್ದರು.

ಯಾಕೆ ಅಷ್ಟು ಕಷ್ಟಪಟ್ಟರು ಅಂದರೆ, ಜಮೀನು. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಸಣ್ಣ ಶುಲ್ಕ ಕಟ್ಟಿ, ಐದು ವರ್ಷ ಅಲ್ಲೇ ಇದ್ದು, ಮನೆ ಕಟ್ಟಿ ಉತ್ತು ತೋರಿಸಿದರೆ 160 ಎಕರೆ ನಿಮ್ಮದು. ಜಾರಿಗೆ ಬಂದ ಮೊದಲ ದಿನವೇ, ಅಂದರೆ 1863ರ ಜನವರಿ 1ರಂದು, ನೆಬ್ರಾಸ್ಕದ ಬಿಯಾಟ್ರಿಸ್ ಹತ್ತಿರದ ಜಮೀನಿಗೆ ಡೇನಿಯಲ್ ಫ್ರೀಮನ್ ಅನ್ನುವವರು ಅರ್ಜಿ ಹಾಕಿದರು. ಒಟ್ಟು 27 ಕೋಟಿ ಎಕರೆ ಈ ಕಾಯ್ದೆಯಡಿ ಜನರ ಕೈಗೆ ಹೋಯಿತು. ಐದು ವರ್ಷ ತಡೆಯಲಾರದೆ ಅರ್ಧದಲ್ಲೇ ಗಂಟುಮೂಟೆ ಕಟ್ಟಿದವರೂ ಬಹಳ ಜನ. 1874ರಲ್ಲಿ ಮಿಡತೆ ಬಂದು ಬೆಳೆಯನ್ನಷ್ಟೇ ಅಲ್ಲ, ಒಣಹಾಕಿದ ಬಟ್ಟೆಯನ್ನೂ ತಿಂದವು. 1888ರ ಜನವರಿ 12ರಂದು ಮಕ್ಕಳು ಶಾಲೆಯಲ್ಲಿದ್ದಾಗಲೇ ಹಿಮಗಾಳಿ ಎದ್ದಿತು. ಮನೆಗೆ ಹೊರಟ ಎಷ್ಟೋ ಮಕ್ಕಳು ದಾರಿಯಲ್ಲೇ ಹೋದರು. ವಾರ್ಪ್ ಓದಿದಂಥ ಒಂದು ಕೋಣೆಯ ಶಾಲೆಗಳವು. ನಲವತ್ತು ವರ್ಷ ಹಳ್ಳಿ ಶಾಲೆಯಲ್ಲಿ ಗಂಟೆ ಹೊಡೆಸಿದ ನನಗೆ, ಆ ದಿನ ಬಾಗಿಲ ಹತ್ತಿರ ನಿಂತ ಮೇಡಂ ಏನು ಯೋಚಿಸಿದ್ದಾರು ಅಂತಲೇ ಮನಸ್ಸು ಹೋಗುತ್ತದೆ. ಮಕ್ಕಳನ್ನು ಬಿಡಬೇಕಾ, ಕೂರಿಸಿಕೊಳ್ಳಬೇಕಾ? ಸೌದೆ ಸಂಜೆವರೆಗೆ ಸಾಕಾಗುತ್ತದಾ?

ಸಾಲಮನ್ ಬುಚರ್ ಅನ್ನುವವರು 1886ರಿಂದ ನೆಬ್ರಾಸ್ಕದ ಕಸ್ಟರ್ ಕೌಂಟಿಯಲ್ಲಿ ಇಂಥ ಕುಟುಂಬಗಳ ಫೋಟೋ ತೆಗೆಯುತ್ತಾ ತಿರುಗಿದರು. ಒಂದು ಫೋಟೋದಲ್ಲಿ ಮನೆಯೊಳಗಿದ್ದ ಆರ್ಗನ್ ವಾದ್ಯವನ್ನು ಹೊತ್ತುತಂದು ಬಯಲಿನಲ್ಲಿ ಇಟ್ಟು, ಸುತ್ತ ಎಲ್ಲರೂ ನಿಂತಿದ್ದಾರೆ. ಊರಿನ ನೆಂಟರಿಗೆ ಆರ್ಗನ್ ಕಾಣಬೇಕು, ಮಣ್ಣಿನ ಮನೆ ಕಾಣಬಾರದು. ಈಗಿನವರು ಫೋಟೋ ತೆಗೆಯುವ ಮುಂಚೆ ಹಿಂದಿರುವ ಬಟ್ಟೆ ರಾಶಿ ಸರಿಸುವುದಿಲ್ಲವೇ, ಹಾಗೆ.

ತುಂಗೆಯ ತಿರುವು

ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ಒಂದು ಮಾತು ಯಾರೂ ಎತ್ತಲಿಲ್ಲ. ಆ 160 ಎಕರೆ ಯಾರದ್ದು? ಸರ್ಕಾರಕ್ಕೆ ಎಲ್ಲಿಂದ ಬಂತು?

ಮಿಂಡನ್ ಇರುವುದು ಪ್ಲಾಟ್ ನದಿಯ ದಕ್ಷಿಣಕ್ಕೆ. ಅದು ಅಲ್ಲಿನ ಮೂಲನಿವಾಸಿಗಳಾದ ಪಾನಿ ಜನರ ನೆಲ. 1833ರ ಒಪ್ಪಂದದಲ್ಲಿ ನದಿಯ ದಕ್ಷಿಣದ್ದನ್ನು ಬಿಟ್ಟುಕೊಟ್ಟರು. 1848ರಲ್ಲಿ ನದಿದಂಡೆಯ ಒಂದು ಪಟ್ಟಿ ಹೋಯಿತು. 1857ರಲ್ಲಿ ಉಳಿದದ್ದರಲ್ಲಿ ಒಂದು ಚೂರು ಬಿಟ್ಟು ಎಲ್ಲ ಹೋಯಿತು. 1870ರ ದಶಕದಲ್ಲಿ ಆ ಚೂರನ್ನೂ ಬಿಟ್ಟು ಈಗಿನ ಓಕ್ಲಹೋಮಕ್ಕೆ ನಡೆದರು. ಸಿಡುಬು, ಕಾಲರಾ, ಇನ್ನೊಂದು ಮೂಲನಿವಾಸಿ ಬುಡಕಟ್ಟಾದ ಲಕೋಟ ಜನರ ಜೊತೆಗಿನ ಯುದ್ಧ, ಎಲ್ಲ ಸೇರಿ ಸಾವಿರಾರು ಜನ ಸತ್ತಿದ್ದರು.

ಮೇಷ್ಟ್ರೇ, ಮರವಿಲ್ಲದ ಊರಿನಲ್ಲಿ ಮಣ್ಣಿನ ಮನೆ ಕಟ್ಟುವುದನ್ನು ಯಾರೋ ಹೊಸದಾಗಿ ಕಂಡುಹಿಡಿದ ಹಾಗೆ ಹೇಳುತ್ತೇವೆ. ಪಾನಿ ಜನ ಅದಕ್ಕೂ ಎಷ್ಟೋ ಮೊದಲಿನಿಂದ ಹೊಳೆದಂಡೆಯ ಮರದ ಕಂಬ ನಿಲ್ಲಿಸಿ, ಹುಲ್ಲು ಹೊದಿಸಿ, ಮೇಲೆ ಮಣ್ಣು ಮೆತ್ತಿ ದೊಡ್ಡ ದುಂಡು ಮನೆ ಕಟ್ಟುತ್ತಿದ್ದರು. ಒಂದೊಂದರಲ್ಲಿ ಹಲವು ಸಂಸಾರ, ಮುಸುಕಿನ ಜೋಳದ ಕಣಜ, ನಡುವೆ ಬೆಂಕಿ. ಕಾನ್ಸಾಸ್ ಗಡಿ ದಾಟಿದರೆ ರಿಪಬ್ಲಿಕ್ ಊರಿನ ಹತ್ತಿರ ಅಂಥ ಒಂದು ಮನೆಯ ನೆಲವನ್ನು ಹಾಗೇ ಉಳಿಸಿ ಮ್ಯೂಸಿಯಂ ಮಾಡಿದ್ದಾರೆ.

ವಾರ್ಪ್ ತಮ್ಮ ಕತೆಯನ್ನು 1830ರಿಂದ ಶುರುಮಾಡಿದ್ದೇ ತಪ್ಪಿನ ಜಾಗ ಅಂತ ನನಗನಿಸುತ್ತದೆ. ಸಾವಿರಾರು ವರ್ಷ ಮನುಷ್ಯ ನಿಂತಲ್ಲೇ ನಿಂತಿದ್ದ, 1830ರ ಆಮೇಲೆ ಓಡತೊಡಗಿದ ಅನ್ನುವುದು ಅವರ ಎಣಿಕೆ. ಓಡುವವನ ಕಾಲಡಿ ಯಾರಿದ್ದರು ಅಂತ ಆ ಸಾಲು ಹೇಳುವುದಿಲ್ಲ.

ನಿವೃತ್ತ ಮೇಷ್ಟ್ರು

ಒಪ್ಪಿದೆ ತಾಯಿ. ನನ್ನ ಪಾಠದಲ್ಲಿ ಅದು ಬಿಟ್ಟುಹೋಗಿತ್ತು. ಬಿಟ್ಟುಹೋಯಿತು ಅನ್ನುವುದೇ ನಿಮ್ಮ ಮಾತಿಗೆ ಸಾಕ್ಷಿ.

ಓಮಾಹಾ ಒಗ್ಗರಣೆ

ಒಪ್ಪುತ್ತೇನೆ. ಅಲ್ಲಿ 1869ರ ಎಲ್ಮ್ ಕ್ರೀಕ್ ಕೋಟೆ ಅಂತ ಒಂದು ಮರದ ದಿಮ್ಮಿ ಮನೆ ಇದೆ. 'ಇಂಡಿಯನ್ನರ ದಾಳಿಯಿಂದ ಕಾಪಾಡಿಕೊಳ್ಳಲು' ಕಟ್ಟಿದ್ದು ಅನ್ನುವುದೇ ಅದರ ಕತೆ. ಗೋಡೆಯ ಒಳಗಿನವರ ಕತೆ ಮಾತ್ರ. ನನ್ನ ಮಗಳು ಶಾಲೆಯಲ್ಲಿ ಓದಿಕೊಂಡಿದ್ದಳು, "ಹೊರಗಿದ್ದವರ ಸಾಮಾನು ಯಾವ ಬಿಲ್ಡಿಂಗಿನಲ್ಲಿದೆ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದಕ್ಕೆ ಸೇರಿಸಬೇಕಾದದ್ದು ಒಂದಿದೆ. ಪಾನಿ ಜನ ಓಕ್ಲಹೋಮಕ್ಕೆ ಹೋಗುವಾಗ ತಮ್ಮ ಜೋಳದ ಬೀಜ ಕಟ್ಟಿಕೊಂಡು ಹೋಗಿದ್ದರು. ಅಲ್ಲಿನ ಮಣ್ಣಿಗೆ ಅದು ಒಗ್ಗಲಿಲ್ಲ. ಹಿಡಿಯಷ್ಟು ಬೀಜ ಉಳಿದಿತ್ತು. 2000ದ ದಶಕದಲ್ಲಿ ಅದರಲ್ಲಿ ಒಂದಿಷ್ಟನ್ನು ಕರ್ನಿಗೆ ಕಳಿಸಿದರು. ಈಗ ಅಲ್ಲಿ ನೆಲೆಸಿರುವವರು, ವಲಸೆ ಬಂದವರ ಮಕ್ಕಳು ಮೊಮ್ಮಕ್ಕಳು, ಬಿತ್ತಿ ಬೆಳೆದು ಬೀಜ ವಾಪಸ್ ಕೊಟ್ಟರು. ಹಳೇ ನೆಲದಲ್ಲಿ ಚೆನ್ನಾಗಿ ಬಂತು. ಮಿಂಡನ್‌ನಿಂದ ಅರ್ಧ ಗಂಟೆಯ ದಾರಿ.

ಧೂಳು ಒರೆಸುವವಳು

ಮ್ಯೂಸಿಯಂ ಒಂದರಲ್ಲಿ ವಸ್ತುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಹೆಸರಿಗೆ ತಕ್ಕ ಹಾಗೆ ಜಾಸ್ತಿ ಹೊತ್ತು ಧೂಳು ಒರೆಸುವುದೇ. ಎರಡು ಮಾತು.

ಮೊದಲನೆಯದು, ಊರೂರಿನ ಹಳೇ ಕಟ್ಟಡ ಕಿತ್ತುತಂದು ಒಂದು ಕಡೆ ಊರು ಮಾಡುವುದು ವಾರ್ಪ್‌ನ ಹೊಸ ಆಲೋಚನೆ ಅಲ್ಲ. ಸ್ವೀಡನ್ನಿನಲ್ಲಿ ಆರ್ಟುರ್ ಹಾಜೇಲಿಯಸ್ 1891ರಲ್ಲೇ ಸ್ಕಾನ್ಸೆನ್ ತೆರೆದರು. ಅಮೆರಿಕದಲ್ಲಿ ಹೆನ್ರಿ ಫೋರ್ಡ್ 1929ರಲ್ಲಿ ಡಿಯರ್‌ಬಾರ್ನ್‌ನಲ್ಲಿ ಗ್ರೀನ್‌ಫೀಲ್ಡ್ ವಿಲೇಜ್ ಮಾಡಿದ. ನಮ್ಮಲ್ಲಿ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು, ಬ್ಯಾಂಕ್ ನೌಕರಿಯಲ್ಲಿದ್ದವರು, ಕೆಡವುತ್ತಿದ್ದ ಮನೆಗಳನ್ನು ಕಂಬ ತೊಲೆ ಸಮೇತ ತಂದು ಹಸ್ತಶಿಲ್ಪ ಕಟ್ಟಿದರು. ಕುಂಜೂರು ಚೌಕಿಮನೆ, ಮುಧೋಳದ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್ ನೋಡಿದವರಿಗೆ ಗೊತ್ತು. ಆದರೆ ಶೆಣೈ ಅವರ ಕಣ್ಣು ಚೆಂದದ ಮೇಲಿತ್ತು, ಕೆತ್ತನೆ ಕುಸುರಿಯ ಮೇಲಿತ್ತು. ವಾರ್ಪ್‌ಗೆ ಚೆಂದದ ಹಂಗಿಲ್ಲ. ಆಲೂಗಡ್ಡೆ ಸುಲಿಯುವ ಯಂತ್ರವೂ ಅಷ್ಟೇ, ಜೆಟ್ ವಿಮಾನವೂ ಅಷ್ಟೇ. ಯಾರೂ ಎತ್ತಿಡದ ವಸ್ತುವನ್ನು ಎತ್ತಿಟ್ಟದ್ದು ಅವನ ದೊಡ್ಡ ಕೆಲಸ ಅಂತ ನಾನು ಹೇಳುತ್ತೇನೆ. ರಾಜನ ಕತ್ತಿ ಹೇಗೂ ಉಳಿಯುತ್ತದೆ. ಉಜ್ಜುವ ಹಲಗೆ ಉಳಿಯುವುದು ಯಾರೋ ಒಬ್ಬ ಹುಚ್ಚನಿದ್ದರೆ ಮಾತ್ರ.

ಎರಡನೆಯದು ಸ್ವಲ್ಪ ಕಹಿ. ಒಬ್ಬನ ಹಟದಿಂದ ಆದ ಮ್ಯೂಸಿಯಂ ಅವನು ಹೋದ ಮೇಲೆ ಏನಾಗುತ್ತದೆ? ವಾರ್ಪ್ ಬುದ್ಧಿವಂತ, ಬದುಕಿರುವಾಗಲೇ ಅದನ್ನು ಲಾಭಕ್ಕಲ್ಲದ ಪ್ರತಿಷ್ಠಾನದ ಕೈಗೆ ಕೊಟ್ಟ. ಜೊತೆಗೆ ಒಂದು ಮೋಟೆಲ್ ಕೂಡ ಇತ್ತು, ದಾರಿಹೋಕರು ತಂಗಲಿ ಅಂತ. ಆದರೂ ಐವತ್ತು ಸಾವಿರ ವಸ್ತು ಅಂದರೆ ಐವತ್ತು ಸಾವಿರ ಬಾಯಿ. ಚರ್ಮಕ್ಕೆ ಬೂಸ್ಟು, ಕಬ್ಬಿಣಕ್ಕೆ ತುಕ್ಕು, ಬಟ್ಟೆಗೆ ನುಸಿ, ಟೈರಿಗೆ ಬಿರುಕು. ನೆಬ್ರಾಸ್ಕದಲ್ಲಿ ಬೇಸಿಗೆಗೆ ಮೈ ಸುಡುವ ಸೆಕೆ, ಚಳಿಗಾಲಕ್ಕೆ ಸೊನ್ನೆಗಿಂತ ಎಷ್ಟೋ ಕೆಳಗೆ. ಹಿಗ್ಗುವುದು, ಕುಗ್ಗುವುದು, ಮತ್ತೆ ಹಿಗ್ಗುವುದು. ಬಣ್ಣ ಎದ್ದುಬರಲು ಇಷ್ಟು ಸಾಕು. ಕಟ್ಟುವುದಕ್ಕೆ ದಾನಿ ಸಿಗುತ್ತಾರೆ, ಮಾಡು ಸೋರಿದರೆ ಹಂಚು ಹಾಕಿಸುವುದಕ್ಕೆ ಯಾರೂ ಸಿಗುವುದಿಲ್ಲ. ನಮ್ಮಲ್ಲೂ ಇದೇ ಹಾಡು.

ಹುಬ್ಬಳ್ಳಿ ಹೈದ

ಹಾಗಾದರೆ ತಮಾಷೆ ನೋಡಿ. ಒಮ್ಮೆ ಉಪಯೋಗಿಸಿ ಬಿಸಾಡುವ ಪ್ಲಾಸ್ಟಿಕ್ ಹಾಳೆ ಮಾರಿದ ಮನುಷ್ಯ, ಏನನ್ನೂ ಬಿಸಾಡದೆ ಕೂಡಿಟ್ಟ!

ಕೋಳಿ ಫಾರಂ ಕಮಲಕ್ಕ

ಅದಕ್ಕೇ ನಾನು ಮೊದಲೇ ಹೇಳಿದ್ದು, ಕಿಟಕಿಯಿಂದ ಶುರುಮಾಡಿ ಅಂತ. ಎರಡಡಿ ದಪ್ಪದ ಮಣ್ಣಿನ ಗೋಡೆಯ ಮನೆಯಲ್ಲಿ ಹುಟ್ಟಿದವನು. ಅಂಥ ಮನೆಗೆ ಎಷ್ಟು ದೊಡ್ಡ ಕಿಟಕಿ ಇದ್ದೀತು? ಅವನು ಬೆಳಕು ಮಾರಲು ಹೊರಟದ್ದರಲ್ಲಿ ನನಗೇನೂ ಆಶ್ಚರ್ಯ ಇಲ್ಲ.

ಒಗ್ಗರಣೆ ಅವರೇ, ಮಗನ ಮನೆಗೆ ಕೊಲೊರಾಡೊಗೆ ಬರುತ್ತಿದ್ದೇನೆ. ಹೋಗಬೇಕಾದರೆ ಎಷ್ಟು ಹೊತ್ತು ಬೇಕು? ಮಂಡಿ ನೋವು ಇದೆ, ಜಾಸ್ತಿ ನಡೆಯಲಾರೆ.

ಓಮಾಹಾ ಒಗ್ಗರಣೆ

ಕಮಲಕ್ಕ, ಮೊದಲು ಫೋನ್ ಮಾಡಿ ತೆರೆದಿದೆಯಾ ಅಂತ ಕೇಳಿಕೊಳ್ಳಿ. ಇಂಥ ಜಾಗಗಳ ಸಮಯ ಆಗಾಗ ಬದಲಾಗುತ್ತದೆ. ಎಲ್ಲ ನೋಡುತ್ತೇನೆ ಅಂತ ಹೋಗಬೇಡಿ, ಒಂದು ದಿನ ಸಾಲದು. ದುಂಡಗಿನ ಹುಲ್ಲುಹಾಸಿನ ಸುತ್ತ ಹಳೇ ಕಟ್ಟಡಗಳಿವೆ. ಆ ಹುಲ್ಲುಹೆಂಟೆ ಮನೆ ನೋಡಿ, ಅದು ಮತ್ತೆ ಕಟ್ಟಿದ ಮಾದರಿ. ಪಕ್ಕದಲ್ಲೇ ಶಾಲೆ, ಚರ್ಚು ನೋಡಿ. ಅಡುಗೆಮನೆ ಸಾಲು ನೋಡಿ. ಕಾರುಗಳನ್ನು ಮಗನಿಗೆ ಬಿಟ್ಟುಬಿಡಿ, ಅವನನ್ನು ಅಲ್ಲಿಂದ ಎಬ್ಬಿಸುವುದು ಹೇಗೂ ಆಗುವುದಿಲ್ಲ.

ಇನ್ನೊಂದು. ಅಲ್ಲಿ ಹತ್ತೊಂಬತ್ತನೇ ಶತಮಾನದ ಒಂದು ಮೆರ್ರಿಗೋರೌಂಡ್ ಇದೆ, ಉಗಿ ಎಂಜಿನ್ ಕಾಲದ್ದು. ನಾವು ಹೋದಾಗ ಒಂದು ಸುತ್ತಿಗೆ ಐದು ಸೆಂಟು. ನಮ್ಮ ಹತ್ತಿರ ಮೂರು ಕಾರ್ಡು, ಎರಡು ಫೋನು ಇದ್ದವು, ಐದು ಸೆಂಟು ಇರಲಿಲ್ಲ. ಮಕ್ಕಳ ಮುಖ ನೋಡಿ ಹಿಂದೆ ನಿಂತಿದ್ದ ಒಬ್ಬ ಅಜ್ಜ, ಟೋಪಿ ಹಾಕಿಕೊಂಡ ರೈತ, ಅಂಗಿ ಜೇಬಿನಿಂದ ನಾಲ್ಕು ನಿಕ್ಕಲ್, ಅಂದರೆ ಐದು ಸೆಂಟಿನ ನಾಣ್ಯ, ತೆಗೆದು ಕೊಟ್ಟರು. "ಎರಡು ಮಕ್ಕಳಿಗೆ, ಎರಡು ನಿಮಗೆ" ಅಂದರು. ನಾನು ಹತ್ತಿದೆ. ಹೆಂಡತಿ ಹತ್ತಲಿಲ್ಲ, ಅವಳ ಪಾಲಿನದ್ದು ಇನ್ನೂ ಕಾರಿನ ಡಬ್ಬದಲ್ಲಿದೆ. ನೀವು ಬರುವುದಾದರೆ ಕೊಡುತ್ತೇನೆ.